ಕೊನೆಯ ಇಪ್ಪತ್ತು ನಿಮಿಷ

ಜೂನ್ 3, ಶನಿವಾರ. ಸಂಜೆ 6.40

ಬೆಳಿಗ್ಗೆ ನಾಲ್ಕು ಪ್ಯಾಂಟು ಗಿಡ್ಡ ಮಾಡಿದೆ. ಒಂದು ಜಿಪ್. ಒಂದು ಯೂನಿಫಾರಂ — ಮಗು ಬೆಳೆದಿದೆ, ಬಟ್ಟೆ ಬೆಳೆದಿಲ್ಲ. ಮೂರೂವರೆಗೆ ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿ, ಪಕ್ಕದಲ್ಲೇ ಇರುವ ತಮ್ಮನ ಬೈಂಡಿಂಗ್ ಅಂಗಡಿಯ ಬೀಗ ತೆಗೆದೆ. ಎಂಟು ವಾರದ ನಂತರ. ಗೋಂದಿನ ವಾಸನೆ ಹಾಗೇ ಇದೆ. ಕಟಿಂಗ್ ಮಷೀನಿನ ಕೆಳಗೆ ಕಾಗದದ ಚೂರುಗಳ ರಾಶಿ, ಅವನು ಗುಡಿಸದೆ ಬಿಟ್ಟದ್ದು. ನಾನೂ ಗುಡಿಸಲಿಲ್ಲ.

ನಾಲ್ಕಕ್ಕೆ ಮೂವರೂ ಬಂದರು. ಹನ್ನೆರಡು ವರ್ಷದಿಂದ ಪ್ರತಿ ಶನಿವಾರ ಇಲ್ಲಿ ಸೇರುತ್ತಿದ್ದ ಸಿನಿಮಾ ಹುಚ್ಚಿನವರು. ರಿಟೈರಾದ ಲೆಕ್ಕದ ಮೇಷ್ಟ್ರು. ಬಸ್ ಡ್ರೈವರ್. ಮೂಲೆಯ ಔಷಧಿ ಅಂಗಡಿಯಾಕೆ. ಬಾಗಿಲಲ್ಲೇ ನಿಂತರು.

ಮೇಷ್ಟ್ರು ಅಂದರು, “ಇಲ್ಲಿಗೆ ನಿಲ್ಸೋಣ ಅಂತ ಹೇಳೋಕೆ ಬಂದ್ವಮ್ಮ. ಅವನಿಲ್ದೆ ಏನಿದೆ?”

ಶೆಲ್ಫಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ ಮೇಜಿನ ಮೇಲಿಟ್ಟೆ. ಅದರಲ್ಲಿ ಒಂಬತ್ತು ಚೀಟಿ. ಒಂದೊಂದರಲ್ಲೂ ಒಂದು ಸಿನಿಮಾದ ಹೆಸರು, ಕೆಳಗೆ ನೋಡುವವರಿಗೆ ಒಂದೇ ಒಂದು ವಾಕ್ಯ. ವಾರಕ್ಕೊಬ್ಬರ ಸರದಿ. ಕಣ್ಣು ಮುಚ್ಚಿ ಒಂದು ತೆಗೆಯಬೇಕು. ಸಿನಿಮಾ ನೋಡಿ ಬಂದು ಎಲ್ಲರೆದುರು ಹೇಳುವವರೆಗೆ ಚೀಟಿ ಯಾರಿಗೂ ತೋರಿಸುವಂತಿಲ್ಲ. ಹೇಳುವಾಗ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎರಡೂ ಬಾಯಿಗೆ ಬರಬಾರದು. ಕಂಡದ್ದನ್ನು ಹೇಳಬೇಕು. ಎಲ್ಲ ತಮ್ಮ ಮಾಡಿದ ರೂಲ್ಸು.

ಒಂಬತ್ತರಲ್ಲಿ ಒಂದು ಅವನದು. ಆಸ್ಪತ್ರೆ ಸೇರುವ ಹಿಂದಿನ ಶನಿವಾರ ಹಾಕಿದ್ದು.

“ಡಬ್ಬಿ ಖಾಲಿ ಆಗೋವರೆಗೂ ನಡೀಲಿ,” ಅಂದೆ. “ಅವನ ಸರದಿ ಇನ್ಮೇಲೆ ನಂದು.”

“ಡಬ್ಬಿ ಬಗ್ಸಿ ಅವನ ಚೀಟಿ ಈಗ್ಲೇ ನೋಡ್ಬಿಡೋಣ ಅಕ್ಕ,” ಅಂದ ಡ್ರೈವರ್. “ಯಾರು ಕೇಳ್ತಾರೆ?”

“ಅವನು ಕೇಳ್ತಾನೆ.”

ಔಷಧಿ ಅಂಗಡಿಯಾಕೆ ಮೆಲ್ಲಗೆ, “ಅಕ್ಕಾ, ನೀವು ಸಿನಿಮಾ ನೋಡ್ತೀರಾ? ನಿಮ್ ತಮ್ಮ, ನಮ್ಮಕ್ಕನ್ನ ಕರ್ಕೊಂಡು ಹೋದ್ರೆ ನಿದ್ದೆಗೆ ಟಿಕೆಟ್ ತಗೊಂಡ ಹಾಗೆ ಅಂತಿದ್ರು...”

ನಿಜ. ಇಂಟರ್ವೆಲ್ಲಿಗೆ ಭುಜ ಅಲ್ಲಾಡಿಸಿ ಎಬ್ಬಿಸುತ್ತಿದ್ದ.

ಕಣ್ಣು ಮುಚ್ಚಿ ಕೈ ಹಾಕಿದೆ. ಬಂದದ್ದು ಡ್ರೈವರನ ಅಕ್ಷರ.


ಜೂನ್ 8, ಗುರುವಾರ. ಮಧ್ಯಾಹ್ನ 2

ನೋಡಿದೆ. ಹೊಡೆದಾಟದ ಸಿನಿಮಾ. ನಿದ್ದೆ ಬರದಿರಲೆಂದು ಕೈಯಲ್ಲೊಂದು ಸೇಫ್ಟಿ ಪಿನ್ ಹಿಡಿದು ಕೂತಿದ್ದೆ. ಎರಡು ಸಲ ಬೇಕಾಯಿತು.


ಜೂನ್ 10, ಶನಿವಾರ. ಸಂಜೆ 7

ಏನು ಹೇಳುವುದೋ ತಿಳಿಯಲಿಲ್ಲ. ಕೊನೆಗೆ ಕಂಡದ್ದನ್ನೇ ಹೇಳಿದೆ. ಮಾರ್ಕೆಟ್ಟಿನ ಜಗಳದಲ್ಲಿ ಹೀರೋನ ಬಲತೋಳು ಭುಜದ ಹೊಲಿಗೆಯಲ್ಲೇ ಕಿತ್ತು ಹೋಗುತ್ತದೆ. ಮೂಲೆ ತಿರುಗುವಷ್ಟರಲ್ಲಿ ಅದೇ ಶರ್ಟು, ತೋಳು ಹೊಲಿದು, ಇಸ್ತ್ರಿ ಮಾಡಿ ಇದೆ. “ಅಷ್ಟು ಬೇಗ ಹೊಲಿಯೋ ಟೈಲರ್ ಯಾರು ಅಂತ ಗೊತ್ತಾದ್ರೆ ಹೇಳಿ. ಹೋಗಿ ಕೆಲಸ ಕಲೀತೀನಿ.”

ಮೇಷ್ಟ್ರು ಮೇಜು ಬಡಿದು ನಕ್ಕರು. ಡ್ರೈವರ್ ಮುಖ ದಪ್ಪ ಮಾಡಿಕೊಂಡ. “ಆರು ಸಲ ನೋಡಿದೀನಿ ಅಕ್ಕ. ಒಂದು ಸಲಾನೂ ಕಣ್ಣಿಗೆ ಬೀಳ್ಲಿಲ್ಲ. ಇನ್ಮೇಲೆ ಅದೊಂದೇ ಕಾಣೋದು.”

“ಆ ತಾಯಿ ಪಾತ್ರದವಳು ಮಾತ್ರ ಅಳೋದಿಲ್ಲ,” ಅಂದೆ. “ಮಗ ರಕ್ತ ಸುರಿಸ್ಕೊಂಡು ಬಂದ್ರೂ ಮೊದ್ಲು ಕುಡಿಯೋಕೆ ನೀರು ಕೊಡ್ತಾಳೆ. ಅದು ನಂಗೆ...” ಚೆನ್ನಾಗಿದೆ ಅನ್ನುವ ಹಾಗಿಲ್ಲ. ನಿಲ್ಲಿಸಿದೆ.

“ಅರ್ಥ ಆಯ್ತು ಬಿಡಿ ಅಕ್ಕ,” ಅಂದ ಡ್ರೈವರ್. ಮುಖ ಸರಿಹೋಯಿತು.

ಔಷಧಿ ಅಂಗಡಿಯಾಕೆಯ ಸರದಿ. ತಮ್ಮನದು ಬರಲಿಲ್ಲ.


ಜೂನ್ 13, ಮಂಗಳವಾರ. ಬೆಳಿಗ್ಗೆ 11

ತಮ್ಮ ಹೋಗಿ ನಲವತ್ತೈದು ದಿನ ಆಯಿತು.

ಅವನ ಅಂಗಡಿಗೆ ಒಬ್ಬಳೇ ಹೋದೆ. ಡಬ್ಬಿಯ ಮುಚ್ಚಳ ತೆಗೆದೆ. ತಪ್ಪೆಂದು ಗೊತ್ತಿತ್ತು. ಏಳು ಚೀಟಿ, ಎಲ್ಲ ಮಡಿಸಿದವು. ಒಂದರ ಬೆನ್ನಿಗೆ ಕೆಂಪು ಮೂಡಿತ್ತು. ಅಳತೆ ಗುರುತು ಹಾಕುವ ಕೆಂಪು ಪೆನ್ಸಿಲ್ಲಿನಲ್ಲೇ ಎಲ್ಲ ಬರೆಯುತ್ತಿದ್ದ, ಒತ್ತಿ ಒತ್ತಿ. ಬಿಚ್ಚಿದರೆ ಮುಗಿಯಿತು. ಒಂದು ಕ್ಷಣದ ಕೆಲಸ.

ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಅವನ ಪಕ್ಕ ಬಿಟ್ಟು ಕದಲಿರಲಿಲ್ಲ. ಕೊನೆಯ ದಿನ ಬೆಳಿಗ್ಗೆ ಅವನೇ ಅಂದ, “ಹೋಗಕ್ಕ, ಟೀ ಕುಡ್ಕೊಂಡು ಬಾ. ನಾನೇನು ಓಡ್ಹೋಗ್ತೀನಾ?” ಹೋದೆ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮುಗಿದಿತ್ತು. ನನ್ನ ಕೈಯಲ್ಲಿ ಅವನಿಗೆಂದು ತಂದ ಲೋಟ. ಇನ್ನೂ ಬಿಸಿ ಇತ್ತು.

ಮುಚ್ಚಳ ಮುಚ್ಚಿದೆ. ಮೋಸದಿಂದ ಬೇಡ. ಸರದಿಯಲ್ಲೇ ಬರಲಿ.


ಜೂನ್ 17, ಶನಿವಾರ. ಸಂಜೆ 6.15

ಔಷಧಿ ಅಂಗಡಿಯಾಕೆಗೆ ಸಿಕ್ಕಿದ್ದು ಮೇಷ್ಟ್ರ ಚೀಟಿ, ಯಾವುದೋ ಹಳೇ ಕಪ್ಪು ಬಿಳುಪಿನದು. “ಅದ್ರಲ್ಲಿ ಎಲ್ರೂ ಕೆಮ್ಮೋವ್ರೇ ಮೇಷ್ಟ್ರೇ. ಒಬ್ರಿಗೂ ಯಾರೂ ಔಷಧಿ ಕೊಡಲ್ಲ. ನಾನು ಹತ್ತು ಸಲ ಎದ್ದು ನಿಂತೆ.” ಮೇಷ್ಟ್ರು ಸಿಟ್ಟಾದರು. ಅದು ಸಂಕೇತವಂತೆ. “ಸಂಕೇತಕ್ಕೂ ಸಿರಪ್ ಬೇಡ್ವಾ?” ಅಂದಳು.

ಆಮೇಲೆ ಮೇಷ್ಟ್ರ ಸರದಿ. ತೆಗೆದರು. ಚೀಟಿಯ ಬೆನ್ನಿಗೆ ಕೆಂಪು.

ನಾನೊಬ್ಬಳೇ ನೋಡಿದೆ ಅಂದುಕೊಂಡೆ. ಇಲ್ಲ, ಎಲ್ಲರೂ ನೋಡಿದ್ದರು. ಮೇಷ್ಟ್ರು ಕನ್ನಡಕ ಮೇಲೆತ್ತಿ ಓದಿದರು. ಒಂದು ವಾಕ್ಯಕ್ಕೆ ಎಷ್ಟು ಹೊತ್ತು ಬೇಕು? ಮಡಿಸಿ ಜೇಬಿಗಿಟ್ಟುಕೊಂಡರು. ನೇತಾಡುತ್ತಿದ್ದ ಜೇಬಿನ ಗುಂಡಿಯನ್ನು ಹುಡುಕಿ ಹುಡುಕಿ ಹಾಕಿಕೊಂಡರು.

ಬೇರೆ ಯಾರಿಗಾದರೂ ಸಿಗಬಾರದಿತ್ತೆ! ತಮ್ಮ ಏನು ಹೇಳಿದರೂ ಉಲ್ಟಾ ಹೊಡೆಯುತ್ತಿದ್ದವರು ಇವರೊಬ್ಬರೇ. ಇವರ ಜಗಳದ ಸದ್ದು ನನ್ನ ಮಷೀನಿನ ಸದ್ದನ್ನೂ ಮೀರಿ ಬರುತ್ತಿತ್ತು. ಒಂದು ವಾರ ತಾನೆ. ಕಾಯುತ್ತೇನೆ.


ಜೂನ್ 24, ಶನಿವಾರ. ಸಂಜೆ 5

ಮೇಷ್ಟ್ರು ಬರಲಿಲ್ಲ.


ಜುಲೈ 1, ಶನಿವಾರ. ಸಂಜೆ 5.30

ಇವತ್ತೂ ಇಲ್ಲ. ಫೋನ್ ಎತ್ತುತ್ತಿಲ್ಲ. ಡ್ರೈವರ್ ಅಂದ, “ಮರ್ತುಬಿಡಿ ಅಕ್ಕ, ಮೇಷ್ಟ್ರು ಇನ್ನು ಬರಲ್ಲ.” ಬರದೆ ಏನು? ಚೀಟಿ ಅವರ ಜೇಬಿನಲ್ಲಿದೆ. ನಾನು ಮರೆಯುವವಳಲ್ಲ.


ಜುಲೈ 4, ಮಂಗಳವಾರ. ಸಂಜೆ 6

ಅಂಗಡಿ ಅರ್ಧ ದಿನ ಮುಚ್ಚಿ ಮೇಷ್ಟ್ರ ಮನೆಗೆ ಹೋದೆ. ಮೂರನೇ ಮಹಡಿ. ಬಾಗಿಲು ತೆಗೆದವರು ನನ್ನನ್ನು ನೋಡಿ ಮತ್ತೆ ಮುಚ್ಚಲು ನೋಡಿದರು. ಕಾಲು ಅಡ್ಡ ಇಟ್ಟೆ. ನಾನು! ಈಗ ನೆನೆದರೆ ನಾಚಿಕೆ.

“ಮೈ ಹುಷಾರಿಲ್ವಾ ಮೇಷ್ಟ್ರೇ?”

“ಹುಷಾರಾಗೇ ಇದೀನಿ.”

“ಸಿನಿಮಾ ಸಿಗ್ಲಿಲ್ವಾ?”

“ಎರಡು ವಾರ ಸಿಗ್ಲಿಲ್ಲ. ಕೊನೆಗೆ ಸೇತುವೆ ಆಚೆ ಹಳೇ ಟಾಕೀಸಿನ ಮ್ಯಾನೇಜರ್‌ಗೆ ಗಂಟು ಬಿದ್ದೆ. ನನ್ನ ಹತ್ರ ಲೆಕ್ಕದಲ್ಲಿ ಫೇಲಾದವನು. ಅದೇ ಭಯಕ್ಕೆ ಎಲ್ಲಿಂದಲೋ ತರಿಸಿ, ಭಾನುವಾರ ಬೆಳಗಿನ ಆಟಕ್ಕೆ ಹಾಕಿದ. ಎರಡು ಭಾನುವಾರ. ಮೊನ್ನೆ ನೋಡಿದೆ, ಬರೋ ಭಾನುವಾರ ಇನ್ನೊಂದಾಟ ಇದೆ.”

“ಮತ್ತೆ ಶನಿವಾರ ಬಂದು ಹೇಳಿ.”

ಕುರ್ಚಿಯಲ್ಲಿ ಕುಸಿದು ಕೂತರು. “ಏನಂತ ಹೇಳ್ಲಮ್ಮ? ಹನ್ನೆರಡು ವರ್ಷ ಅವನ ಜೊತೆ ಜಗಳ ಆಡಿದೀನಿ. ಈಗ ಹೊಗಳಿದ್ರೆ, ಸತ್ತ ಮೇಲೆ ಹೊಗಳ್ದ ಅಂತಾನೆ. ಬೈದ್ರೆ ತಿರುಗಿ ಬೈಯೋಕೆ ಅವನಿಲ್ಲ. ಎದುರಿಗೆ ಆಳಿಲ್ದೆ ಹಗ್ಗ ಜಗ್ಗೋದು ಹೇಗೆ?”

“ಬೈಯಿರಿ ಮೇಷ್ಟ್ರೇ,” ಅಂದೆ. “ಆ ಕಡೆ ಹಗ್ಗ ನಾನು ಹಿಡ್ಕೋತೀನಿ.”

“ನೀನು ಸಿನಿಮಾನೇ ನೋಡಿಲ್ಲ.”

“ನೋಡದೆ ಜಗಳ ಆಡೋಕೆ ಬರೋದಿಲ್ವಾ? ನೀವಿಬ್ರೂ ಎಷ್ಟು ಸಲ ಆಡಿಲ್ಲ!”

ಮೊದಲ ಸಲ ನಕ್ಕರು. ಹೊರಡುವಾಗ ಶರ್ಟು ಬಿಚ್ಚಿಕೊಡಿ ಅಂದೆ. ಚೀಟಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕೊಟ್ಟರು. ಅಲ್ಲೇ ಕೂತು ಆ ಜೇಬಿನ ಗುಂಡಿ ಗಟ್ಟಿ ಮಾಡಿದೆ.


ಜುಲೈ 8, ಶನಿವಾರ. ಸಂಜೆ 7.10

ಮೇಷ್ಟ್ರು ಮೂರೂವರೆಗೇ ಬಂದು ಕೂತಿದ್ದರು. ನಾಲ್ಕಕ್ಕೆ ಎದ್ದು ನಿಂತರು, ಕ್ಲಾಸು ತೆಗೆದುಕೊಳ್ಳುವವರ ಹಾಗೆ.

“ಮಾತು ಬಿಟ್ಟ ಅಣ್ಣ ತಮ್ಮ. ಅಮ್ಮನ ಹಳೇ ಬೀರು. ಹಳೇ ಮನೆಯಿಂದ ಹೊಸ ಮನೆಗೆ, ಊರಿನ ಈ ತುದಿಯಿಂದ ಆ ತುದಿಗೆ ಹೊತ್ಕೊಂಡು ಹೋಗ್ತಾರೆ. ಅಷ್ಟೇ. ಎರಡು ಗಂಟೆ ಅದೇ! ಇಪ್ಪತ್ತೇಳು ಕಡೆ ಕೆಳಗಿಳಿಸ್ತಾರೆ. ಎಣಿಸಿದೀನಿ. ಒಂದು ಗಾಡಿ ಮಾಡ್ಕೊಂಡಿದ್ರೆ ಅರ್ಧ ಗಂಟೆ ಕೆಲಸ. ಇದನ್ನ ನೋಡಿ ಅಂತ ಚೀಟಿ ಬರ್ದಿದಾನಲ್ಲ, ಅವನಿಗೆ ತಲೆ ಬೇಡ್ವಾ?”

ಬೈದರು. ಬಾಯ್ತುಂಬ. ಔಷಧಿ ಅಂಗಡಿಯಾಕೆ ನನ್ನ ಮುಖ ನೋಡಿದಳು. ನಾನು ಎದ್ದೆ.

“ಗಾಡಿ ಮಾಡಿದ್ರೆ ಒಬ್ಬ ಮುಂದೆ ಕೂರ್ತಾನೆ, ಒಬ್ಬ ಹಿಂದೆ. ಬೀರು ಮನೆ ಸೇರುತ್ತೆ, ಅವ್ರು ಮಾತಾಡೋದು ಯಾವಾಗ? ಕೆಳಗಿಳ್ಸು ಅಂತ ಹೇಳೋಕಾದ್ರೂ ಬಾಯಿ ಬಿಡ್ಬೇಕಲ್ಲ ಮೇಷ್ಟ್ರೇ.”

ಮೇಷ್ಟ್ರು ಬೆರಳು ಎತ್ತಿದವರು ಹಾಗೇ ನಿಂತರು. “ಅವನಿದ್ದಿದ್ರೆ ಇದನ್ನೇ ಹೇಳ್ತಿದ್ದ,” ಅಂದರು. “ಇದೇ ಮಾತು ಹೇಳಿ ನನ್ನ ಬಾಯಿ ಮುಚ್ಚಿಸ್ತಿದ್ದ.” ಮತ್ತೆ ದನಿ ಏರಿಸಿದರು. “ಆದ್ರೂ ಇಪ್ಪತ್ತೇಳು ಸಲವಾ?”

“ಬೀರು ಭಾರ ಇರುತ್ತೆ,” ಅಂದ ಡ್ರೈವರ್. ಔಷಧಿ ಅಂಗಡಿಯಾಕೆಯೂ ಸೇರಿದಳು. ಅರ್ಧ ಗಂಟೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲಿಲ್ಲ. ಹನ್ನೆರಡು ವರ್ಷ ಗೋಡೆಯಾಚೆಯಿಂದ ಕೇಳಿದ ಸದ್ದು, ಇವತ್ತು ಈಚೆಯಿಂದ.

ಕೊನೆಗೆ ನಾನು ಕೇಳಿದೆ, “ಬೀರು ಮನೆ ಸೇರುತ್ತಾ?”

ಮೇಷ್ಟ್ರು ಜೇಬಿನ ಗುಂಡಿ ಬಿಚ್ಚಿ ಚೀಟಿ ಮೇಜಿನ ಮೇಲಿಟ್ಟರು.

ಕೆಂಪು ಪೆನ್ಸಿಲ್. ಮೇಲೆ ಸಿನಿಮಾದ ಹೆಸರು. ಕೆಳಗೆ — ‘ಬೀರು ಇನ್ನೂ ಬೀದಿಯಲ್ಲಿರುವಾಗಲೇ ಎದ್ದು ಬನ್ನಿ, ಕೊನೆಯ ಇಪ್ಪತ್ತು ನಿಮಿಷ ನೋಡಬೇಡಿ.’

“ಎದ್ದು ಬಂದೆ,” ಅಂದರು ಮೇಷ್ಟ್ರು. “ಅವನ ಮಾತನ್ನ ಜೀವಮಾನದಲ್ಲಿ ಒಂದು ಸಲಾನೂ ಕೇಳಿದವನಲ್ಲ. ಮೊನ್ನೆ ಕೇಳಿದೆ. ಹನ್ನೆರಡೂವರೆಗೆ ಎದ್ದು ಬಾಗಿಲ ತನಕ ಬಂದೆ. ತಿರುಗಿ ನೋಡ್ಲಿಲ್ಲ. ಇದನ್ನ ಎಲ್ರ ಮುಂದೆ ಒಪ್ಕೊಳ್ಳೋಕೇ ನಾಚ್ಕೆ ಆಗಿದ್ದು. ಬೀರು ಏನಾಯ್ತೋ ನಂಗೊತ್ತಿಲ್ಲ.”

ಡ್ರೈವರ್ ಕಿಟಕಿಯ ಕಡೆ ತಿರುಗಿದ. “ಹಾಗೇ ಇರ್ಲಿ ಬಿಡಿ,” ಅಂದಳು ಔಷಧಿ ಅಂಗಡಿಯಾಕೆ. “ಅವ್ರು ಹೇಳಿದ್ ಹಾಗೇ. ಬೀದಿಯಲ್ಲೇ ಇರ್ಲಿ.”

ನಾನು ಚೀಟಿ ಎತ್ತಿಕೊಂಡು ಮತ್ತೆ ಓದಿದೆ. ‘ಎದ್ದು ಬನ್ನಿ’ಯ ಮೇಲೆ ಪೆನ್ಸಿಲ್ ಎಷ್ಟು ಒತ್ತಿದ್ದಾನೆಂದರೆ ಕಾಗದ ತೂತಾಗಿದೆ.

“ಇಲ್ಲ,” ಅಂದೆ. “ಒಂದು ಸಲ ಅವನ ಮಾತು ಕೇಳಿ ಎದ್ದು ಹೋಗಿದೀನಿ. ಈ ಸಲ ಕೂರ್ತೀನಿ.”

ಮೇಷ್ಟ್ರು ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತ, “ಬಂದು ಹೇಳು. ನಿನ್ನ ಜೊತೆ ಆಡೋ ಜಗಳ ಬಾಕಿ ಇದೆ,” ಅಂದರು.

ಅವರೆಲ್ಲ ಹೋದ ಮೇಲೆ ಕಟಿಂಗ್ ಮಷೀನಿನ ಕೆಳಗಿನ ಚೂರುಗಳನ್ನು ಗುಡಿಸಿದೆ. ಉದ್ದನೆಯ ನಾಲ್ಕನ್ನು ಆರಿಸಿ ಡಬ್ಬಿಯ ಪಕ್ಕ ಇಟ್ಟೆ, ಹೊಸ ಚೀಟಿಗೆ. ಡಬ್ಬಿ ಖಾಲಿ ಆಗುವುದು ಬೇಡ.

ಸೇಫ್ಟಿ ಪಿನ್ ಪರ್ಸಿಗೆ ಹಾಕಿಕೊಂಡಿದ್ದೇನೆ. ಬೇಕಾಗಲಿಕ್ಕಿಲ್ಲ...

ನಾಳೆ ಆಟ ಹತ್ತೂವರೆಗೆ. ಬಿಡುವುದು 12.50ಕ್ಕೆ.