ಮೀಟಿಂಗಿಗೆ ಮುಂಚಿನ ಕೆಲಸ

ಮಾರ್ಚ್ ೧೪, ಭಾನುವಾರ

ಇವರಿಗೆ,

ನಾನೂ ಮಗಳೂ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿಯೇ ಇರುತ್ತೀರಿ, ನಿಮಗೇನು ಧಾಡಿ! ನೀವು ಮಿಲ್ಲಿನ ಗೆಸ್ಟ್ ಹೌಸಿಗೆ ಹೋದ ಮೇಲೆ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಹೊಗಳಲು ತಕ್ಕ ಮಾತು ಹುಡುಕುತ್ತಿದ್ದೆ.

ಪೇಪರ್ ಮಿಲ್ಲಿಗೆ ಸೇರಿದ ಹೊಸದರಲ್ಲಿ ತುಂಬಿದ ಮೀಟಿಂಗಿನಲ್ಲಿ ಎದ್ದು ನಿಂತು, “ಈ ಬಾಯ್ಲರ್ ತಂದವರಿಗೆ ಬುದ್ಧಿ ಇರಲಿಲ್ಲ” ಎಂದಿರಿ. ತಂದವರು ಚೀಫ್ ಇಂಜಿನಿಯರೇ! ಆಮೇಲೆ ಅವರು ನಿಮ್ಮ ಫೈಲು ಮುಟ್ಟಲಿಲ್ಲ. ನೀವು ಮನೆಯಲ್ಲಿ ಹಲ್ಲು ಕಡಿಯುತ್ತಿದ್ದಿರಿ. ಆಗ ನಾನೇ ಹೇಳಿದ್ದು: “ದೊಡ್ಡವರಿಗೆ ಎಲ್ಲರ ಎದುರು ಹೊಸ ವಿಷಯ ಹೇಳಬಾರದು ಕಣ್ರೀ. ಮೊದಲೇ ಒಬ್ಬೊಬ್ಬರ ರೂಮಿಗೂ ಹೋಗಿ, ‘ನೀವೇನಂತೀರಿ ಸರ್’ ಅಂತ ಕೇಳಿ. ಮಾತು ಅವರ ಬಾಯಿಂದಲೇ ಬರಲಿ. ಮೀಟಿಂಗಲ್ಲಿ ತಲೆ ಆಡಿಸೋದಷ್ಟೇ ಬಾಕಿ ಇರಬೇಕು.”

ಅಡುಗೆಮನೆಯ ಸ್ಟೂಲಿನ ಮೇಲೆ ನಾನು ಚೀಫ್ ಇಂಜಿನಿಯರಾಗಿ ಕೂರುತ್ತಿದ್ದೆ; ನೀವು ಬಾಗಿಲು ತಟ್ಟಿ ಒಳಗೆ ಬರುತ್ತಿದ್ದಿರಿ. ನಾನು ಮುಖ ಗಂಟಿಕ್ಕಿದರೆ ನಿಮ್ಮ ನಾಲಿಗೆ ಒಣಗುತ್ತಿತ್ತು. ಎಷ್ಟು ನಗುತ್ತಿದ್ದೆವು! ಹೊಸ ಬಾಯ್ಲರ್ ಬಂತು, ಮ್ಯಾನೇಜರ್ ಕುರ್ಚಿಯೂ ಬಂತು.

ಹೋದ ಭಾನುವಾರ ನೀವು “ನಾವು ಬೇರೆ ಆಗೋಣ” ಎಂದು ಎದ್ದು ಹೋದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. “ಗೊತ್ತು ಕಣಮ್ಮ. ಭಾವ ಆಗಲೇ ಬಂದು ಕೂತು ಮಾತಾಡಿದ್ರು. ನೀನೂ ಸ್ವಲ್ಪ ಯೋಚನೆ ಮಾಡು” ಅಂದ. ಅಮ್ಮನೋ, “ಪಾಪ, ನನ್ನನ್ನೂ ಒಂದು ಮಾತು ಕೇಳೋಕೆ ಅಂತಾನೇ ಬಂದಿದ್ರು” ಎಂದು ನಿಮ್ಮನ್ನೇ ಹೊಗಳಿದಳು. ಗುರುವಿಗೇ ತಿರುಮಂತ್ರ ಹಾಕಿಬಿಟ್ಟಿರಲ್ಲ! ಚೀಫ್ ಇಂಜಿನಿಯರಿಗಾದರೂ “ಇಲ್ಲ” ಅನ್ನುವ ಅವಕಾಶವಿತ್ತು. ನನಗೆ ಅದನ್ನೂ ಉಳಿಸಲಿಲ್ಲ.

ಆದರೂ ಮನಸಾರೆ ಹರಸುತ್ತೇನೆ. ಇನ್ನೂ ದೊಡ್ಡ ಕುರ್ಚಿ ಸಿಗಲಿ. ನಿಮ್ಮ ಕೈಕೆಳಗೆ ಬರುವವರೆಲ್ಲ ನಿಮ್ಮಷ್ಟೇ ಜಾಣರಾಗಿರಲಿ.

ಇಂತಿ,
ಇನ್ನೂ ತಲೆ ಆಡಿಸದ
ನಿಮ್ಮ ಹೆಂಡತಿ

ವಿ.ಸೂ.: ನಿನ್ನೆ ಮಗಳಿಗೆ ಜಡೆ ಹಾಕುತ್ತಾ, ವಿಷಯ ಹೇಗೆ ತೆಗೆಯಲಿ ಎಂದು ತಡವರಿಸುತ್ತಿದ್ದೆ. “ಅಳಬೇಡಮ್ಮ, ಅಪ್ಪ ನನ್ನನ್ನ ಆಗಲೇ ಕೇಳಿದ್ರು” ಅಂದಳು. “ನಾನು ಅಪ್ಪನ ಜೊತೆ ಇರ್ತೀನಿ. ಅಪ್ಪ ಹೇಳಿಕೊಟ್ಟಿದ್ದಲ್ಲ, ಅದು ನನ್ನದೇ ಐಡಿಯಾ.” ಅವಳಿಗಿನ್ನೂ ಒಂಬತ್ತು ವರ್ಷ. ಅವಳ ವಿಷಯಕ್ಕಾದರೂ ನನ್ನನ್ನು ಮೊದಲು ಕೇಳಬಾರದಿತ್ತೇ?