ಮೂವತ್ತೇಳಕ್ಕೆ ಬಂದ ಮುಪ್ಪು

ನಾಗಮಂಗಲ
ಗುರುವಾರ

ಅಪ್ಪನಿಗೆ ಪ್ರಮೀಳಾ ಮಾಡುವ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅವ್ವ ಕೇಳಿಸಿಕೊಳ್ಳುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಕೆಲವು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು. ಹೋದ ವಾರ ಬೆಳ್ಳೂರು ಕ್ರಾಸಿನಲ್ಲಿ ಇಳಿದವಳಿಗೆ ಮನೆಗೆ ಯಾವ ಬಸ್ಸು ಹತ್ತಬೇಕೆಂದೇ ಮರೆತುಹೋಯಿತು. ಕೊನೆಗೆ ಹತ್ತಿದಾಗ ಕಂಡಕ್ಟರು ಒಬ್ಬ ಹುಡುಗನಿಗೆ, "ಲೇ, ಆ ಅಜ್ಜಿಗೆ ಸೀಟು ಬುಡ್ಲಾ" ಅಂದ. ನನಗಿನ್ನೂ ಮೂವತ್ತೇಳು.

ಮನೆಯವರಿಗೆ ಶಾಲೆಯ ಮೀಟಿಂಗ್ ಎಂದು ಸುಳ್ಳು ಹೇಳಿ ಮೈಸೂರಿಗೆ ಹೋಗಿ ತೋರಿಸಿದೆ. ನನ್ನ ಹಾಗೆ ಹುಟ್ಟುವಾಗಲೇ ಹೃದಯದಲ್ಲಿ ತೂತಿದ್ದವರಲ್ಲಿ ಕೆಲವರಿಗೆ, ಅದನ್ನು ಮುಚ್ಚಿಸಿದ ಮೇಲೂ, ಮುಪ್ಪು ಬೇಗ ಬರುತ್ತದಂತೆ. ಇನ್ನಷ್ಟು ಪರೀಕ್ಷೆ ಆಗಬೇಕು, ಹಳೆಯ ಆಪರೇಷನ್ನಿನ ಕಾಗದ ತನ್ನಿ ಎಂದರು ಡಾಕ್ಟರು.

ಬೀರುವಿನಲ್ಲಿರುವ ಆ ಕಾಗದ ಹಿಡಿದು ಸೋಮವಾರ ಶೀಳನೆರೆಯಿಂದ ಮೊದಲ ಬಸ್ಸಿಗೇ ಬನ್ನಿ, ಇಬ್ಬರೂ ಮೈಸೂರಿಗೆ ಹೋಗೋಣ. ಅವ್ವನಿಗೆ ಮೊಮ್ಮಗಳನ್ನು ನೋಡಿಬರುತ್ತೇನೆ ಎನ್ನಿ. ಮನೆಯವರಿಗೆ ಅವತ್ತೇ ನಿಮ್ಮೆದುರಿಗೆ ಹೇಳುತ್ತೇನೆ. ಮಗಳಿಗಿನ್ನೂ ಏಳು ವರ್ಷ.

ಆಪರೇಷನ್ ಆದ ದಿನ ನೀವು, "ಎಲ್ಲ ಸರಿಹೋಯ್ತು ಕಣವ್ವ, ಇನ್ನು ಎದರ್ಬ್ಯಾಡ" ಅಂದಿದ್ದಿರಿ. ಮೂವತ್ತು ವರ್ಷ ಅದನ್ನೇ ನಂಬಿದ್ದೆ. ಈ ಸಲ ಹಾಗೆನ್ನಬೇಡಿ ಅಪ್ಪ. ಡಾಕ್ಟರು ಮಾತಾಡುವಾಗ ನನ್ನ ಪಕ್ಕ ಕೂತಿದ್ದರೆ ಸಾಕು.

ನಿಮ್ಮ ಮಗಳು
ಪ್ರಮೀಳಾ