ನೂರ ಮೂವತ್ತೆರಡು

ಮಾರ್ಚ್ ೧೪, ಗುರುವಾರ

ನನ್ನ ಮೊಂಡು ಮಗಳಿಗೆ,

ಆಶೀರ್ವಾದವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲೇ ಕೊಟ್ಟುಬಿಟ್ಟರೆ ಉಳಿದದ್ದನ್ನು ನೀನು ಓದುವವಳಲ್ಲ.

ನಿನ್ನ ನಾಲ್ಕು ಹಾಳೆಯ ಕಾಗದ ಬಂತು. ಏಳು ತಿಂಗಳು ತುಂಬಿದೆ, ಸಕ್ಕರೆ ಪರೀಕ್ಷೆ ಸರಿಯಾಗಿದೆ, ಸ್ಕ್ಯಾನಿಂಗ್‌ನಲ್ಲಿ ಮಗು ಆಗಲೇ ತಲೆ ಕೆಳಗೆ ಮಾಡಿಕೊಂಡಿದೆ ಎಂದೆಲ್ಲ ಬರೆದಿದ್ದೀಯ. ಸಂತೋಷ. ಯಾವ ಕಡೆ ತಿರುಗಬೇಕೆಂದು ಅದಕ್ಕಾದರೂ ಗೊತ್ತಿದೆಯಲ್ಲ. ನಿನಗೆ ಯಾವತ್ತೂ ಗೊತ್ತಿರಲಿಲ್ಲ.

ಮೂರನೆಯ ಹಾಳೆಯಲ್ಲಿ ವಿಷಯಕ್ಕೆ ಬಂದಿದ್ದೀಯ. ಆಸ್ಪತ್ರೆ ಬೇಡ, ಮನೆಯಲ್ಲೇ ಹೆರುತ್ತೇನೆ, ಸೂಲಗಿತ್ತಿಯಾಗಿ ನಾನೇ ಬರಬೇಕು. ಅದಕ್ಕೆ ಕಾರಣವನ್ನೂ ಕೊಟ್ಟಿದ್ದೀಯ: ಹೋದ ಸಲ ತಪ್ಪು ನಂದೇ ಅಮ್ಮ, ಈ ಸಲ ನೀನು ಹೇಳಿದ ಹಾಗೇ ಕೇಳ್ತೀನಿ, ಹಗಲು ಹೊತ್ತು ಕಣ್ಣು ಮುಚ್ಚೋದೇ ಇಲ್ಲ ಅಂತ.

ನಾನು ಬರುವುದಿಲ್ಲ.

ಮಂಡಿ ನೋವು ಎಂದು ಬರೆಯೋಣ ಅಂದುಕೊಂಡೆ. ಆದರೆ ಮೊನ್ನೆಯಷ್ಟೇ ಎರಡು ಬೀದಿ ಆಚೆ ಹೋಗಿ ಒಂದು ಹೆರಿಗೆ ಮಾಡಿಸಿ ಬಂದಿದ್ದೇನೆ, ಸುದ್ದಿ ನಿನಗೆ ಹೇಗೂ ಮುಟ್ಟುತ್ತದೆ. ಆದ್ದರಿಂದ ನೇರವಾಗಿ ಹೇಳುತ್ತೇನೆ. ನಿನ್ನಂಥ ಅಳುಬುರುಕಿಯ ಪಕ್ಕ ಕೂತುಕೊಳ್ಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ. ಬೇರೆ ಹೆಂಗಸರು ಹೆರುವುದಕ್ಕೆ ನನ್ನನ್ನು ಕರೆಯುತ್ತಾರೆ, ನೀನು ಕ್ಷಮೆ ಪಡೆಯುವುದಕ್ಕೆ ಕರೆಯುತ್ತಿದ್ದೀಯ. ಎರಡೂ ಒಟ್ಟಿಗೆ ನನ್ನ ಕೈಯಲ್ಲಿ ಆಗದು.

ಮಗುವಿನ ಮಿಸುಕಾಟ ಬರೆದಿಡುವ ಲೆಕ್ಕದ ಪುಸ್ತಕದ ಹಾಳೆಯನ್ನೂ ಹರಿದು ಕಳಿಸಿದ್ದೀಯ. ಆರೂ ಹತ್ತಕ್ಕೆ ಮಿಸುಕಾಡಿತು, ಆರೂ ಇಪ್ಪತ್ತೈದಕ್ಕೆ ಒದೆಯಿತು, ಏಳಕ್ಕೆ ಬಿಕ್ಕಳಿಸಿತು. ಮಗು ಹೆರುತ್ತೀಯೋ, ರೈಲಿನ ವೇಳಾಪಟ್ಟಿ ಬರೆಯುತ್ತೀಯೋ? ನೀನು ಕೂತಲ್ಲೇ ತೂಕಡಿಸಿ ಕುರ್ಚಿಯಿಂದ ಬಿದ್ದೆ ಎಂದು ನಿನ್ನ ಗಂಡ ಫೋನಿನಲ್ಲಿ ಹೇಳಿದ. ನನ್ನ ಅಳಿಯನೆಂದರೆ ನನಗೆ ಅಷ್ಟಕ್ಕಷ್ಟೆ, ನಿನಗೂ ಗೊತ್ತು. ಆದರೆ ಆಸ್ಪತ್ರೆಗೇ ಹೋಗೋಣ ಅನ್ನುತ್ತಿದ್ದಾನಲ್ಲ, ಮದುವೆಯಾದ ಮೇಲೆ ಅವನು ಆಡಿದ ಮೊದಲ ಬುದ್ಧಿವಂತ ಮಾತು ಅದು. ಹೆರಿಗೆ ಕೋಣೆಯೊಳಗೆ ಅವನು ಇರಲೋ ಬೇಡವೋ ಎಂದು ಕೇಳಿದ್ದೀಯ. ಇರಲಿ. ನಿನ್ನ ಮಾತಿಗೆ ಇನ್ನೊಬ್ಬರ ಸಾಕ್ಷಿ ಯಾವಾಗಲೂ ಬೇಕು.

ಕುಳ್ಳಿಯ ಹತ್ತಿರ ಹೋಗು. ಹೌದು, ಅದೇ ಕುಳ್ಳಿ. ಹನ್ನೊಂದು ವರ್ಷ ನನ್ನ ಜೊತೆ ಮನೆಮನೆ ತಿರುಗಿದವಳು, ನಾಲ್ಕು ವರ್ಷದ ಹಿಂದೆ ನಾನು ಹೊರಗೆ ಹಾಕಿದವಳು. ಅವಳ ಕೈ ಒರಟು, ಅವಳಿಗೆ ಮರೆವು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ನೀನೂ ನಂಬಿದೆ. ನಿನ್ನನ್ನು ನೋಡಬೇಕೆಂದು ಬಾಗಿಲ ತನಕ ಬಂದವಳನ್ನು ಒಳಗೆ ಕರೆಯಲಿಲ್ಲ. ಈಗ ಅವಳು ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿದ್ದಾಳೆ. ಸೂಲಗಿತ್ತಿಯೂ ಆಯಿತು, ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ಡಾಕ್ಟರೂ ಆಯಿತು. ಮುಖ ಸಣ್ಣದು ಮಾಡಿಕೊಂಡು ಹೋಗಿ ಕೇಳು. ನಾನು ಕಳಿಸಿದೆ ಎನ್ನಬೇಡ, ಬಾಗಿಲು ಹಾಕಿಕೊಂಡಾಳು.

ನಾಲ್ಕು ವರ್ಷದ ಹಿಂದಿನ ಆ ದಿನದ ವಿಷಯವನ್ನು ಮತ್ತೆ ಕೆದಕಿದ್ದೀಯ. ನನಗೂ ನೆನಪಿದೆ. ಮಧ್ಯಾಹ್ನ ಹನ್ನೆರಡು ಗಂಟೆ. ಲಿಫ್ಟ್ ಕೆಟ್ಟಿತ್ತು. ಒಂಬತ್ತು ತಿಂಗಳ ಹೊಟ್ಟೆ ಹೊತ್ತು ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲೇ, ಅಮ್ಮಾ, ಬೆಳಿಗ್ಗೆಯಿಂದ ಮಗು ಮಿಸುಕಾಡ್ತಿಲ್ಲ ಅಂದೆ. ಏದುಸಿರು ಬಿಡುತ್ತಿದ್ದವಳನ್ನು ಹಾಗೇ ಮಲಗಿಸಿ, ಮಗುವಿನ ಎದೆಬಡಿತ ಕೇಳುವ ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟೆ. ಗೋಡೆ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದೆ. ನೂರ ಮೂವತ್ತೆರಡು. ಕುದುರೆ ಓಡಿದ ಹಾಗೆ ಓಡ್ತಿದೆ, ಮನೆಗೆ ಹೋಗಿ ಎಡಮಗ್ಗುಲಿಗೆ ಮಲಗಿ ಎಣಿಸು, ಸಂಜೆಯೊಳಗೆ ಹತ್ತು ಸಲ ಮಿಸುಕಾಡದಿದ್ರೆ ಬಾ ಅಂದೆ. ನೀನು ಮಲಗಿದೆ, ಹಾಗೇ ನಿದ್ದೆ ಹೋದೆ. ಸಂಜೆ ಆಸ್ಪತ್ರೆಯಲ್ಲಿ ಅವರ ಯಂತ್ರಕ್ಕೆ ಏನೂ ಕೇಳಿಸಲಿಲ್ಲ. ವರಾಂಡದಲ್ಲಿ ನಿನ್ನ ಅತ್ತೆ ನನ್ನನ್ನು ಕೇಳಿದರು. ನಾನು ನೋಡ್ದಾಗ ಚೆನ್ನಾಗೇ ಇತ್ತು, ಇವಳು ಎಣಿಸೋದು ಬಿಟ್ಟು ನಿದ್ದೆ ಹೊಡೆದಳು ಅಂತ ಎಲ್ಲರ ಎದುರಿಗೇ ಹೇಳಿದೆ. ಆವತ್ತಿನಿಂದ ಆ ಮನೆಯಲ್ಲಿ ನಿನ್ನನ್ನು ನಿದ್ದೆಬುರುಕಿ ಎನ್ನುತ್ತಾರೆ. ನಾದಿನಿಯ ಕೂಸನ್ನು ಇವತ್ತಿಗೂ ನಿನ್ನ ಕೈಗೆ ಕೊಡುವುದಿಲ್ಲವಂತೆ. ಕಾಗದದ ಕೊನೆಯಲ್ಲಿ ಅದನ್ನೂ ಬರೆದಿದ್ದೀಯ, ನನ್ನಿಂದ ಸಮಾಧಾನದ ಮಾತು ಬಂದೀತೆಂದು. ಸಮಾಧಾನ ಹೇಳುವುದು ನನ್ನ ಕಸುಬಲ್ಲ.

ಹೆರಿಗೆಯ ಹೊತ್ತಿಗೆ ಫೋನು ಮಾಡಬೇಡ. ಆದ ಮೇಲೆ ಗಂಡನ ಕೈಯಲ್ಲಿ ತಿಳಿಸು, ಸಾಕು.

ಆಶೀರ್ವಾದ ಎಂದಿದ್ದೆನಲ್ಲ. ಮಗು ಅಳುತ್ತಾ ಬರಲಿ.

ನಿನ್ನ
ಅಮ್ಮ

ತಾ.ಕ.: ಆಸ್ಪತ್ರೆಯಲ್ಲಿ ಯಂತ್ರವಿದ್ದರೂ ಕುಳ್ಳಿ ಮೊದಲು ಮರದ ಕೊಳವೆಯನ್ನೇ ಇಡುತ್ತಾಳೆ. ಕೊಳವೆಗೆ ಕಿವಿಗೊಟ್ಟಾಗ ನಿನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಾಳೆ, ಗಾಬರಿಯಾಗಬೇಡ. ಕಿವಿಗೆ ಕೇಳುತ್ತಿರುವುದು ಮಗುವಿನದೋ ತಾಯಿಯದೋ ಎಂದು ತಾಳೆ ನೋಡುವುದಕ್ಕೆ ಅದು. ಹೆದರಿಕೊಂಡು ಮೂರು ಮಹಡಿ ಹತ್ತಿ ಬಂದ ತಾಯಿಯ ನಾಡಿಯೂ ನೂರ ಮೂವತ್ತೆರಡು ಹೊಡೆಯುತ್ತದೆ. ಆ ದಿನ ಪಕ್ಕದಲ್ಲೇ ಇದ್ದ ಕುಳ್ಳಿ ನನ್ನ ಕಿವಿಯಲ್ಲಿ, ಅಕ್ಕಾ, ಮಣಿಕಟ್ಟು ಹಿಡೀರಿ ಅಂದಳು. ಮೂವತ್ತು ವರ್ಷದ ಕಿವಿ ಇದು, ನಿನ್ನ ಪಾಠ ಬೇಡ ಅಂದೆ. ನೀನು ಮೆಟ್ಟಿಲಿಳಿಯುತ್ತಿದ್ದಾಗ, ಇನ್ನೂ ಕೂಗಿದ್ರೆ ಅವಳಿಗೆ ಕೇಳಿಸ್ತದೆ ಅಂತ ಮತ್ತೆ ಹೇಳಿದಳು. ನಾನು ಕೂಗಲಿಲ್ಲ. ಆವತ್ತು ನಾನು ಎಣಿಸಿದ್ದು ನಿನ್ನ ಎದೆಬಡಿತವನ್ನು. ಆ ಹೊತ್ತಿಗೆ ಮಗು ಬದುಕಿತ್ತೋ, ಆಸ್ಪತ್ರೆಗೆ ಓಡಿದ್ದರೆ ಉಳಿಯುತ್ತಿತ್ತೋ ನನಗೆ ತಿಳಿಯದು. ನೀನು ಮಲಗಿದ್ದರಿಂದ ಆದದ್ದಲ್ಲ, ಅಷ್ಟು ಮಾತ್ರ ಗೊತ್ತು. ಮೊದಲ ದಿನವೇ ಗೊತ್ತಿತ್ತು. ಇನ್ನು ಮಧ್ಯಾಹ್ನ ಮಲಗಿಕೋ.

ಈ ಕಾಗದವನ್ನು ಯಾರಿಗೂ ತೋರಿಸಬೇಡ. ತೋರಿಸಿದರೆ ಬರೆದದ್ದು ನಾನಲ್ಲ ಎನ್ನುತ್ತೇನೆ, ಜನ ನಂಬುವುದು ನನ್ನನ್ನೇ. ಹೊರಗೆ ಹಳೆಯ ಮಾತೇ ಇರಲಿ. ಈ ತಿಂಗಳು ಇನ್ನೂ ಮೂವರು ಬಸುರಿಯರು ನನ್ನ ಕಿವಿಯನ್ನು ನಂಬಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ಅವರ ಮಣಿಕಟ್ಟನ್ನು ತಪ್ಪದೆ ಹಿಡಿಯುತ್ತೇನೆ.